ಥಾಯ್ ಮನೆಯಲ್ಲಿ ಮನೆಮಂದಿಯಾಗಿ ಇರುವುದು ಹೇಗೆ?

ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮಕ್ಕೋ ಥಾಯ್ ಭಾಷೆ ಕಲಿಯಲಿಕ್ಕೋ ಥಾಯ್ಲೆಂಡಿಗೆ ಹೋದವರು ಅಲ್ಲಿನ ಕುಟುಂಬವೊಂದರ ಜತೆ ತಿಂಗಳುಗಟ್ಟಲೆ ಇರಬೇಕಾಗಬಹುದು. ಅಲ್ಲಿ ಅತಿಥಿಯ ಉಪಚಾರ ಮೊದಲ ಕೆಲವು ದಿನ ಮಾತ್ರ. ಆಮೇಲೆ ನೀವೂ ಆ ಮನೆಯ ಮಗ ಅಥವಾ ಮಗಳು. ಅದಕ್ಕೆ ತಯಾರಿ ಹೀಗಿರಲಿ.

1. ಊಟದ ವಿಷಯ ಮೊದಲೇ ತಿಳಿಸಿ

‘ಮಾಂಸ ತಿನ್ನುವುದಿಲ್ಲ’ ಎಂದರೆ ಸಾಲದು. ತರಕಾರಿ ಪಲ್ಯಕ್ಕೂ ಮೀನಿನ ಸಾಸ್ (ನಾಮ್ ಪ್ಲಾ) ಬೀಳುತ್ತದೆ, ಪರಂಗಿಕಾಯಿ ಸಲಾಡ್‌ನಲ್ಲಿ ಒಣಸಿಗಡಿ ಇರುತ್ತದೆ. ಮೊಟ್ಟೆ, ಹಾಲು ಆಗುವವರು ‘ಮಂಗ್ಸವಿರತ್’ ಎನ್ನಿ. ‘ಜೇ’ ಎಂದರೆ ಮೊಟ್ಟೆ, ಹಾಲಿನ ಜತೆಗೆ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ.

2. ಬಂದ ದಿನವೇ ಪಾಸ್‌ಪೋರ್ಟ್ ಪ್ರತಿ ಕೊಡಿ

ವಿದೇಶಿಯರು ಉಳಿದುಕೊಂಡಿರುವುದನ್ನು ಮನೆಯವರು 24 ಗಂಟೆಯೊಳಗೆ ವಲಸೆ ಇಲಾಖೆಗೆ ತಿಳಿಸಬೇಕು. ಇದಕ್ಕೆ ‘ಟಿಎಂ 30’ ಎನ್ನುತ್ತಾರೆ. 90 ದಿನ ಮೀರಿ ಇರುವವರು ತಮ್ಮ ವಿಳಾಸವನ್ನು ತಾವೇ ಇಲಾಖೆಗೆ ವರದಿ ಮಾಡಬೇಕು.

3. ಕೈಮುಗಿದು ಒಳಗೆ ಹೋಗಿ

ಹಿರಿಯರಿಗೆ ಕಿರಿಯರೇ ಮೊದಲು ಕೈಮುಗಿಯಬೇಕು. ಗಂಡಸರು ‘ಸವಾದ್ದೀ ಖ್ರಪ್’, ಹೆಂಗಸರು ‘ಸವಾದ್ದೀ ಖಾ’ ಎನ್ನುತ್ತಾರೆ. ಮನೆಯ ಅಮ್ಮನನ್ನು ‘ಖುನ್ ಮ್ಯಾ’, ಅಪ್ಪನನ್ನು ‘ಖುನ್ ಫೊ’ ಎಂದು ಕರೆಯಿರಿ. ನಿಮಗಿಂತ ದೊಡ್ಡವರ ಹೆಸರಿನ ಮುಂದೆ ‘ಪೀ’ ಸೇರಿಸಿ. ಚಪ್ಪಲಿ ಬಾಗಿಲ ಹೊರಗೇ ಇರಲಿ, ಹೊಸ್ತಿಲು ತುಳಿಯಬೇಡಿ.

4. ತಲೆ, ಕಾಲುಗಳ ಬಗ್ಗೆ ಎಚ್ಚರ

ಮಕ್ಕಳ ತಲೆ ಸವರುವುದು ನಮಗೆ ಪ್ರೀತಿ, ಅಲ್ಲಿ ಅನುಚಿತ. ಬುದ್ಧನ ವಿಗ್ರಹದ ಕಡೆಗಾಗಲಿ ಹಿರಿಯರ ಕಡೆಗಾಗಲಿ ಕಾಲು ಚಾಚಬಾರದು. ಹೆಂಗಸರು ಭಿಕ್ಷುಗಳನ್ನು ಮುಟ್ಟುವಂತಿಲ್ಲ. ರಾಜಮನೆತನದ ಬಗ್ಗೆ ತಮಾಷೆಯೂ ಬೇಡ. ದಂಡಸಂಹಿತೆಯ 112ನೇ ಕಲಂ ಪ್ರಕಾರ 3ರಿಂದ 15 ವರ್ಷ ಜೈಲು.

5. ಊಟದ ಕ್ರಮ ನೋಡಿ ಕಲಿಯಿರಿ

ಅನ್ನ ಅವರವರ ತಟ್ಟೆಯಲ್ಲಿ, ಉಳಿದದ್ದೆಲ್ಲ ನಡುವೆ. ಒಮ್ಮೆಗೆ ಒಂದೆರಡು ಚಮಚದಷ್ಟೇ ಬಡಿಸಿಕೊಳ್ಳಿ. ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕ್. ಫೋರ್ಕ್ ಇರುವುದು ಅನ್ನವನ್ನು ಚಮಚಕ್ಕೆ ತಳ್ಳಲು, ಬಾಯಿಗಿಡಲು ಅಲ್ಲ. ಈಶಾನ್ಯದ ಇಸಾನ್ ಪ್ರದೇಶದಲ್ಲಿ ಅಂಟು ಅನ್ನವನ್ನು ಕೈಯಲ್ಲೇ ಉಂಡೆ ಮಾಡಿ ತಿನ್ನುತ್ತಾರೆ. ಅಲ್ಲಿ ನಮ್ಮವರಿಗೆ ಕಷ್ಟವೇ ಇಲ್ಲ.

6. ಸ್ನಾನ, ಬಟ್ಟೆ

ಸೆಕೆಯ ನಾಡು, ಬೆಳಗ್ಗೆ, ಸಂಜೆ ಎರಡು ಹೊತ್ತೂ ಸ್ನಾನ ಮಾಡುತ್ತಾರೆ. ಮಾಡದಿದ್ದರೆ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಗಮನಿಸುತ್ತಾರೆ. ಶೌಚಾಲಯದಲ್ಲಿ ನೀರಿನ ಪಿಚಕಾರಿ ಇರುತ್ತದೆ. ಕಾಗದ ಬಳಸಿದರೆ ಬುಟ್ಟಿಗೆ ಹಾಕಿ. ಒಳಉಡುಪನ್ನು ಮನೆಯವರ ಬಟ್ಟೆಯ ಜತೆ ಸೇರಿಸದೆ ನೀವೇ ಒಗೆದು, ತಲೆ ತಾಗುವ ಎತ್ತರಕ್ಕಿಂತ ಕೆಳಗೆ ಒಣಹಾಕಿ.

7. ಹೊರಗೆ ಹೋಗುವಾಗ ಹೇಳಿ ಹೋಗಿ

ಎಲ್ಲಿಗೆ, ಯಾರ ಜತೆ, ಎಷ್ಟು ಹೊತ್ತಿಗೆ ವಾಪಸು ಎಂದು ತಿಳಿಸಿ. ತಡವಾದರೆ ಫೋನ್ ಮಾಡಿ. ಬೆಳಗ್ಗೆ 8ಕ್ಕೆ, ಸಂಜೆ 6ಕ್ಕೆ ಸಾರ್ವಜನಿಕ ಸ್ಥಳಗಳಲ್ಲಿ ರಾಷ್ಟ್ರಗೀತೆ ಕೇಳಿಸಿದರೆ ಇದ್ದಲ್ಲೇ ನಿಂತುಬಿಡಿ.

ನೆನಪಿರಲಿ, ನಿಮ್ಮ ನಡವಳಿಕೆಯಿಂದ ಬೇಸರವಾದರೂ ಅಲ್ಲಿನವರು ನಗುತ್ತಲೇ ಸುಮ್ಮನಾಗುವುದುಂಟು. ಅನುಮಾನ ಬಂದರೆ ಮನೆಯ ಕಿರಿಯರನ್ನು ಕೇಳಿ. ಪಾತ್ರೆ ತೊಳೆಯುವುದೋ ಗಿಡಕ್ಕೆ ನೀರುಣಿಸುವುದೋ, ಒಂದು ಕೆಲಸವನ್ನು ಮೊದಲ ವಾರದಲ್ಲೇ ನಿಮ್ಮದಾಗಿಸಿಕೊಳ್ಳಿ. ಭಾಷೆ ಬರುವ ಮೊದಲೇ ಮನೆಯವರ ಮನಸ್ಸು ಗೆಲ್ಲಲು ಅದು ಸಾಕು.