ಘಾಟಿ ರಸ್ತೆಯ ಬದಿಯಲ್ಲಿ ನಿಂತು ಟೂರ್ ಡಿ ಫ್ರಾನ್ಸ್ ನೋಡುವುದು ಹೇಗೆ?

ಜುಲೈನಲ್ಲಿ ಯುರೋಪಿಗೆ ಹೋದ ನಮ್ಮವರು, ಹೇಗೂ ಬಂದಿದ್ದೇವೆ, ಟೂರ್ ಡಿ ಫ್ರಾನ್ಸ್ ಸೈಕಲ್ ರೇಸನ್ನೂ ನೋಡಿಬಿಡೋಣ ಎಂದು ಹೊರಡುತ್ತಾರೆ. ಗ್ರೆನೋಬಲ್ ನಗರದಲ್ಲಿ ಹೋಟೆಲ್ ಹಿಡಿದು, ರೇಸ್ ಬರುವುದು ಸಂಜೆ ತಾನೇ ಎಂದು ನಿಧಾನವಾಗಿ ತಿಂಡಿ ಮುಗಿಸಿ ಟ್ಯಾಕ್ಸಿ ಹತ್ತುತ್ತಾರೆ. ರಸ್ತೆ ಮುಚ್ಚಿದೆ ಎಂದು ತಿಳಿಯುವುದು ಬೆಟ್ಟದ ಬುಡದಲ್ಲಿ ಪೊಲೀಸರು ತಡೆದಾಗಲೇ. ಆಮೇಲೆ ಮಕ್ಕಳನ್ನು ಎತ್ತಿಕೊಂಡು ಬಿಸಿಲಿನಲ್ಲಿ ಹತ್ತಿ, ಅರ್ಧ ದಾರಿಯಲ್ಲೇ ಸುಸ್ತಾಗಿ ಕೂರುತ್ತಾರೆ. ಇಷ್ಟು ಒದ್ದಾಡುವ ಅಗತ್ಯವೇ ಇಲ್ಲ.

ರೇಸಿನ ಬಗ್ಗೆ ಇಷ್ಟು ಗೊತ್ತಿದ್ದರೆ ಸಾಕು: 1903ರಲ್ಲಿ ಶುರುವಾದದ್ದು, ಮೂರು ವಾರ, 21 ಹಂತ. ಒಟ್ಟು ಸಮಯದಲ್ಲಿ ಮುಂದಿರುವವನಿಗೆ ಹಳದಿ ಜೆರ್ಸಿ, ಬೆಟ್ಟ ಹತ್ತುವುದರಲ್ಲಿ ಮುಂದಿರುವವನಿಗೆ ಕೆಂಪು ಚುಕ್ಕೆಯ ಜೆರ್ಸಿ. ರಸ್ತೆ ಬದಿಯಲ್ಲಿ ನೋಡಲು ಟಿಕೆಟ್ ಇಲ್ಲ. ಬಯಲಿನಲ್ಲಿ ಇಡೀ ಗುಂಪು ಅರೆ ನಿಮಿಷದೊಳಗೆ ಹಾದುಹೋಗಿ ನೋಡುವುದಕ್ಕೇನೂ ಉಳಿಯುವುದಿಲ್ಲ. ಘಾಟಿಯಲ್ಲಾದರೆ ಗುಂಪು ಒಡೆದು ಸವಾರರು ಒಬ್ಬೊಬ್ಬರಾಗಿ ಬರುತ್ತಾರೆ. ಆದ್ದರಿಂದ ಬೆಟ್ಟಕ್ಕೇ ಹೋಗಿ.

ಉದಾಹರಣೆಗೆ ಆಲ್ಪ್ಸ್‌ನ ಹೆಸರಾಂತ ಏರು ಆಲ್ಪ್ ದ್ಯುಎಜ್ ತೆಗೆದುಕೊಳ್ಳೋಣ. 13.8 ಕಿ.ಮೀ. ದೂರ, ಸರಾಸರಿ ಶೇ 8ರ ಏರು, 21 ಹೇರ್‌ಪಿನ್ ತಿರುವು. 1952ರಲ್ಲಿ ರೇಸ್ ಮೊದಲ ಸಲ ಇಲ್ಲಿ ಹತ್ತಿದಾಗ ಇಟಲಿಯ ಫೌಸ್ಟೋ ಕೊಪ್ಪಿ ಗೆದ್ದಿದ್ದ. ಆದರೆ ಪ್ರತಿ ವರ್ಷವೂ ರೇಸ್ ಇಲ್ಲಿಗೆ ಬರುವುದಿಲ್ಲ. ಮುಂದಿನ ವರ್ಷದ ಹಾದಿಯನ್ನು ಸಾಮಾನ್ಯವಾಗಿ ಹಿಂದಿನ ಅಕ್ಟೋಬರಿನಲ್ಲೇ ಪ್ರಕಟಿಸುತ್ತಾರೆ. ಅದನ್ನು ನೋಡಿದ ಮೇಲೆಯೇ ವಿಮಾನದ ಟಿಕೆಟ್ ಕೊಳ್ಳಿ. ಷೆಂಗೆನ್ ವೀಸಾಗೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು.

ಬೆಟ್ಟದ ಬುಡದಲ್ಲಿರುವ ಊರು ಬೂರ್ ದ್ವಾಜಾನ್. ಅಲ್ಲಿಗೆ ರೈಲಿಲ್ಲ, ಗ್ರೆನೋಬಲ್‌ನಿಂದ ಬಸ್ಸಿದೆ. ಹಿಂದಿನ ದಿನವೇ ತಲುಪಿ ಅಲ್ಲಿಯೋ ಹತ್ತಿರದ ಹಳ್ಳಿಯಲ್ಲಿಯೋ ತಂಗಿ. ಕ್ಯಾಂಪರ್ ವ್ಯಾನಿನವರು ದಿನಗಟ್ಟಲೆ ಮುಂಚೆಯೇ ಬಂದು ಜಾಗ ಹಿಡಿದಿರುತ್ತಾರೆ. ಕಾರುಗಳಿಗೆ ರಸ್ತೆ ಮುಚ್ಚುವ ಹೊತ್ತು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಸ್ಥಳೀಯ ಪ್ರವಾಸಿ ಕಚೇರಿಯಲ್ಲಿ ಕೇಳಿಕೊಳ್ಳಿ. ನಡೆಯುವವರನ್ನೂ ಸೈಕಲ್ ತುಳಿಯುವವರನ್ನೂ ಅದರ ನಂತರವೂ ಕೆಲವು ಗಂಟೆ ಬಿಡುತ್ತಾರೆ. ಭಾನುವಾರ ನಂದಿಬೆಟ್ಟ ಹತ್ತುವ ಅಭ್ಯಾಸವಿದ್ದವರು ಊರಿನಲ್ಲೇ ಸೈಕಲ್ ಬಾಡಿಗೆಗೆ ಹಿಡಿದು ಹೋಗಬಹುದು. ಆದರೆ ಮೊದಲ ಎರಡು ಕಿ.ಮೀ. ಶೇ 10ರ ಆಸುಪಾಸಿನ ಏರು, ಶಕ್ತಿಯನ್ನೆಲ್ಲ ಅಲ್ಲೇ ಸುರಿಯಬೇಡಿ.

ತಿರುವುಗಳ ಅಂಕಿ ಕೆಳಗೆ 21ರಿಂದ ಶುರುವಾಗಿ ಮೇಲೆ 1ಕ್ಕೆ ಮುಗಿಯುತ್ತದೆ. ಪುಟ್ಟ ಚರ್ಚಿರುವ ಏಳನೆಯ ತಿರುವು ಡಚ್ಚರದು: ಕಿತ್ತಳೆ ಅಂಗಿ, ಬಿಯರು, ಕಿವಿಗಡಚಿಕ್ಕುವ ಹಾಡು. ಹುಡುಗರ ಗುಂಪಿಗೆ ಅದು ಹಬ್ಬ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಹದಿನಾರನೆಯ ತಿರುವಿನ ಲಾ ಗಾರ್ಡ್ ಹಳ್ಳಿಯ ಆಸುಪಾಸಿನಲ್ಲೇ ನಿಲ್ಲಿ. ನನ್ನನ್ನು ಕೇಳಿದರೆ ಎಲ್ಲರಿಗೂ ಅದೇ ಮೇಲು. ಕೆಳಗಿನ ತಿರುವು ಕಾಣುವಂಥ ಎತ್ತರದ ದಿಬ್ಬ ಹುಡುಕಿಕೊಳ್ಳಿ.

ನೀರು, ಬ್ರೆಡ್ಡು, ಟೋಪಿ, ಮಳೆಯಂಗಿ ನೀವೇ ಹೊತ್ತೊಯ್ಯಬೇಕು. ಬೆಳಿಗ್ಗೆ ಸುಡುಬಿಸಿಲಿದ್ದರೂ ಮಳೆಯಂಗಿ ಬಿಡಬೇಡಿ. 2019ರ ಜುಲೈನಲ್ಲಿ ಆಲ್ಪ್ಸ್‌ನ ಒಂದು ಹಂತವನ್ನು ಆಲಿಕಲ್ಲು ಮಳೆ ಮತ್ತು ಭೂಕುಸಿತದಿಂದಾಗಿ ನಡುವೆಯೇ ನಿಲ್ಲಿಸಬೇಕಾಯಿತು.

ಸವಾರರಿಗಿಂತ ಸುಮಾರು ಎರಡು ಗಂಟೆ ಮುಂಚೆ ಜಾಹೀರಾತಿನ ವಾಹನಗಳ ಮೆರವಣಿಗೆ ಬರುತ್ತದೆ. ಟೋಪಿ, ಮಿಠಾಯಿ, ಕೀಚೈನು ಎಸೆಯುತ್ತಾ ಹೋಗುತ್ತಾರೆ. ಈ ಹೊತ್ತಿನಲ್ಲಿ ಮಕ್ಕಳ ಕೈ ಬಿಡಲೇಬೇಡಿ. ಬಿದ್ದದ್ದನ್ನು ಹೆಕ್ಕಲು ರಸ್ತೆಗೆ ಓಡಿದರೆ ಹಿಂದೆಯೇ ಇನ್ನೊಂದು ವಾಹನ ಬಂದಿರುತ್ತದೆ. ಈ ಮೆರವಣಿಗೆಯ ವಾಹನಗಳಿಗೆ ಸಿಕ್ಕಿ ಮಕ್ಕಳು ಜೀವ ಕಳೆದುಕೊಂಡದ್ದಿದೆ.

ಇನ್ನು ಮೊಬೈಲ್. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಮೊದಲು ಕಣಿವೆಯೊಳಗಿಂದ ಹೆಲಿಕಾಪ್ಟರ್ ಸದ್ದು ಏಳುತ್ತದೆ, ಆಮೇಲೆ ಪೊಲೀಸರ ಸೀಟಿ, ಮೋಟರ್‌ಬೈಕುಗಳು. ಅಷ್ಟರಲ್ಲಿ ಎಲ್ಲರೂ ಮೊಬೈಲ್ ಎತ್ತಿ ಒಂದು ಹೆಜ್ಜೆ ಮುಂದಿಟ್ಟಿರುತ್ತಾರೆ. ಪರದೆಯಲ್ಲಿ ಸವಾರ ಇನ್ನೂ ದೂರವಿದ್ದಂತೆ ಕಾಣುತ್ತಾನೆ, ನಿಜವಾಗಿ ಇರುವುದು ಮೂಗಿನ ಹತ್ತಿರ. ಮುಂಚೂಣಿಯವರು ಈ ಏರನ್ನು 40 ನಿಮಿಷದ ಆಸುಪಾಸಿನಲ್ಲಿ ಹತ್ತುತ್ತಾರೆ, ಅಂದರೆ ಗಂಟೆಗೆ 20 ಕಿ.ಮೀ. ಹತ್ತು ಮೀಟರ್ ದಾಟಲು ಎರಡು ಸೆಕೆಂಡೂ ಬೇಡ. 1999ರಲ್ಲಿ ಇದೇ ಬೆಟ್ಟದಲ್ಲಿ ಫೋಟೊ ತೆಗೆಯಲು ರಸ್ತೆಗಿಳಿದ ಪ್ರೇಕ್ಷಕನೊಬ್ಬ, ಮುಂದಿದ್ದ ಜುಸೆಪ್ಪೆ ಗೆರಿನಿಗೆ ಅಡ್ಡ ಬಂದು ಕೆಡವಿದ. ಗೆರಿನಿ ಎದ್ದು ಹೋಗಿ ಗೆದ್ದ, ಅದು ಅವನ ಪುಣ್ಯ. 2018ರಲ್ಲಿ ಇಲ್ಲಿಯೇ ಪ್ರೇಕ್ಷಕರೊಬ್ಬರ ಕ್ಯಾಮೆರಾ ಪಟ್ಟಿ ಸಿಕ್ಕಿಕೊಂಡು ವಿನ್‌ಚೆಂಜೊ ನಿಬಾಲಿ ಬಿದ್ದ. ಬೆನ್ನುಮೂಳೆ ಮುರಿದುಕೊಂಡೇ ಗುರಿ ಮುಟ್ಟಿದ, ಮರುದಿನ ರೇಸ್ ಬಿಡಬೇಕಾಯಿತು. 2021ರಲ್ಲಿ ಬ್ರಿಟನಿಯಲ್ಲಿ ಪ್ರೇಕ್ಷಕಿಯೊಬ್ಬರು ಸವಾರರಿಗೆ ಬೆನ್ನು ತಿರುಗಿಸಿ ಟಿ.ವಿ. ಕ್ಯಾಮೆರಾದತ್ತ ರಟ್ಟು ಹಿಡಿದು ನಿಂತಿದ್ದಕ್ಕೆ ಹತ್ತಾರು ಜನ ಒಬ್ಬರ ಮೇಲೊಬ್ಬರು ಬಿದ್ದರು. ನ್ಯಾಯಾಲಯ ಆಕೆಗೆ 1,200 ಯೂರೊ ದಂಡ ಹಾಕಿತು. ತೇರು ಬರುವಾಗ ಗಾಲಿಯ ಮುಂದೆ ನಿಂತು ಸೆಲ್ಫಿ ತೆಗೆಯುತ್ತೇವೆಯೇ? ಇದೂ ಹಾಗೆಯೇ.

ಆದ್ದರಿಂದ ಮೆರವಣಿಗೆಯ ಹೊತ್ತಿನಲ್ಲಿ ಬೇಕಾದಷ್ಟು ಫೋಟೊ ತೆಗೆದುಕೊಳ್ಳಿ. ಹೆಲಿಕಾಪ್ಟರ್ ಕೇಳಿಸಿದ ಕೂಡಲೇ ಮೊಬೈಲ್ ಜೇಬಿಗಿಳಿಸಿ. ಕುತ್ತಿಗೆಯ ಕ್ಯಾಮೆರಾ, ಹೆಗಲ ಚೀಲ, ಶಾಲು, ಬಾವುಟ ಯಾವುದೂ ರಸ್ತೆಯತ್ತ ಜೋಲಬಾರದು. ಆಗ ಕಾಣಬೇಕಾದದ್ದು ಕಾಣುತ್ತದೆ: ಎದೆಯವರೆಗೆ ಜಿಪ್ ಬಿಚ್ಚಿದ ಜೆರ್ಸಿ, ಕರಿ ಚಡ್ಡಿಯ ಮೇಲೆ ಒಣಗಿದ ಬೆವರಿನ ಬಿಳಿ ಉಪ್ಪು, ಪಕ್ಕದಲ್ಲೇ ಹಾದುಹೋಗುವ ಏದುಸಿರು. ಬೆನ್ನು ತಳ್ಳಬೇಡಿ, ನೀರು ಎರಚಬೇಡಿ. ಓಡುತ್ತಾ ಜೊತೆಗೆ ಹೋಗುವುದೂ ಬೇಡ. ಹೆಸರು ಕೂಗಿ ಚಪ್ಪಾಳೆ ತಟ್ಟಿ, ಅದು ಅವರಿಗೆ ಕೇಳಿಸುತ್ತದೆ.

ಹಳದಿ ಜೆರ್ಸಿ ಹೋಯಿತೆಂದು ಚೀಲ ಕಟ್ಟಬೇಡಿ. ಕೊನೆಯ ಗುಂಪು ಬರಲು ಅರ್ಧ ಗಂಟೆಗೂ ಹೆಚ್ಚು ಹಿಡಿಯಬಹುದು, ಮತ್ತು ನಿಗದಿತ ಸಮಯದೊಳಗೆ ಮುಟ್ಟದಿದ್ದರೆ ಅವರು ರೇಸಿನಿಂದಲೇ ಹೊರಗೆ. ಚಪ್ಪಾಳೆ ಹೆಚ್ಚು ಬೇಕಿರುವುದು ಅವರಿಗೇ. ಎಲ್ಲರ ಹಿಂದೆ ಬರುವ ‘ಪೊರಕೆ’ ವಾಹನ ದಾಟಿದ ಮೇಲೆಯೇ ರಸ್ತೆಗಿಳಿಯಿರಿ. ಇಳಿಯುವಾಗ ಅಂಚು ಹಿಡಿದು ನಡೆಯಿರಿ, ಸೈಕಲ್ಲುಗಳು ಜೋರಾಗಿ ಬರುತ್ತವೆ. ಕಾರಿನಲ್ಲಿ ಬಂದವರು ರಾತ್ರಿಯವರೆಗೆ ಕಾಯಲು ಸಿದ್ಧರಿರಿ. ಜನಜಂಗುಳಿಯಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ಬೇರೆಯಾದರೆ ಯಾವ ತಿರುವಿನಲ್ಲಿ ಸೇರುವುದೆಂದು ಬೆಳಿಗ್ಗೆಯೇ ಗೊತ್ತುಮಾಡಿಕೊಂಡಿರಿ. ತುರ್ತಿಗೆ 112.