ಅರಗಿನ ಕೊಕ್ಕಿನ ಪುಟ್ಟ ಹಕ್ಕಿ

ಕುವೈತಿನ ಅಲ್ ರೈನಲ್ಲಿರುವ ಶುಕ್ರವಾರದ ಸಂತೆಗೆ ಹೋದರೆ ನಾವು ಹಕ್ಕಿ ಪಂಜರಗಳ ಮುಂದೆ ನಿಲ್ಲದೇ ಬರೋದಿಲ್ಲ. ಹೀಗೆ ಪಂಜರದಲ್ಲಿ ಸಾಕುವ ಆಫ್ರಿಕಾದ ಹಕ್ಕಿಗಳಲ್ಲಿ ತೀರಾ ಪುಟ್ಟದು ಆರೆಂಜ್ ಬ್ರೆಸ್ಟೆಡ್ ವ್ಯಾಕ್ಸ್‌ಬಿಲ್. ಉದ್ದ ಸುಮಾರು 9 ಸೆಂಟಿಮೀಟರ್, ತೂಕ 7 ಗ್ರಾಂ ಆಸುಪಾಸು. ಕೊಕ್ಕು ಅರಗಿನಷ್ಟು ಕೆಂಪು, ಅದಕ್ಕೇ ಆ ಹೆಸರು. ಗಂಡಿಗೆ ಕೆಂಪು ಹುಬ್ಬು, ಕಿತ್ತಳೆ ಬಣ್ಣದ ಹೊಟ್ಟೆ, ಪಕ್ಕೆಯಲ್ಲಿ ಪಟ್ಟೆ.

ನಮ್ಮೂರ ಕೆರೆಯಂಚಿನ ಜೊಂಡಿನಲ್ಲಿ ಕಾಣುವ ಕೆಂಪು ರಾಟವಾಳ (ಮುನಿಯ) ಇದರ ಹತ್ತಿರದ ನೆಂಟ. ಎರಡರ ಕುಲದ ಹೆಸರೂ 'ಅಮಂಡವ'. ಹಿಂದೆ ರಾಟವಾಳಗಳನ್ನು ಅಹಮದಾಬಾದಿನಿಂದ ಹೊರದೇಶಕ್ಕೆ ಸಾಗಿಸುತ್ತಿದ್ದರು, ಆ ಊರ ಹೆಸರೇ ಹೀಗೆ ತಿರುಚಿಕೊಂಡಿದೆ. ಇವತ್ತು ಭಾರತದಲ್ಲಿ ಅದನ್ನು ಹಿಡಿದು ಮಾರುವುದು ಅಪರಾಧ.

ವ್ಯಾಕ್ಸ್‌ಬಿಲ್‌ನ ಮನೆ ಸಹಾರಾದ ದಕ್ಷಿಣಕ್ಕೆ, ನೀರಿನ ಹತ್ತಿರದ ಹುಲ್ಲುಗಾವಲು. ಬಹಳ ಸಲ ಬೇರೆ ಹಕ್ಕಿಗಳು ಬಿಟ್ಟುಹೋದ ಗೂಡಿನಲ್ಲೇ ಸಂಸಾರ (ಬಾಡಿಗೆ ರೂಮಿನ ನಮ್ಮ ಹಾಗೇ!). ಹುಲ್ಲಿನ ಬೀಜವೇ ಮುಖ್ಯ ಊಟ, ಮರಿಗಳಿಗೆ ಮಾತ್ರ ಹುಳು ಬೇಕು. ಪಂಜರದಲ್ಲಿ ಎಡವೋದು ಇಲ್ಲೇ. ಬರೀ ನವಣೆ ಹಾಕಿದರೆ ದೊಡ್ಡವು ಬದುಕುತ್ತವೆ, ಮರಿ ಉಳಿಯೋದು ಕಷ್ಟ. ಸ್ನಾನಕ್ಕೆ ದಿನಾ ಹೊಸ ನೀರಿಡಬೇಕು, ಏಸಿ ಗಾಳಿ ನೇರ ತಾಗಬಾರದು. ಹಗಲಲ್ಲೂ ಗರಿ ಉಬ್ಬಿಸಿ ಮುದುಡಿ ಕೂತಿದ್ದರೆ ಅದು ಮುದ್ದಲ್ಲ, ಕಾಯಿಲೆ.

'ಪಾಪ, ಕೊಂಡು ಹಾರಿಬಿಡೋಣ' ಅಂತ ನಮ್ಮಲ್ಲೂ ಮಾತು ಬಂದಿತ್ತು. ಆದರೆ ಇದೇ ದೇಶದ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ದಾಖಲಾಗಿದೆ. ಅಂಥ ಬಿಸಿಲಲ್ಲಿ 7 ಗ್ರಾಂ ಜೀವ ನೀರು ಹುಡುಕೋದು ಎಲ್ಲಿ? ಖಾಲಿಯಾದ ಪಂಜರಕ್ಕಂತೂ ಮುಂದಿನ ಶುಕ್ರವಾರ ಇನ್ನೊಂದು ಹಕ್ಕಿ ಬಂದಿರುತ್ತದೆ.