ಕರುಳಿನ ಆಪರೇಷನ್ ಆದವರನ್ನು ಉಪವಾಸ ಕೆಡವಬೇಡಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯಿಂದ ಕರುಳಿನ ಆಪರೇಷನ್‌ಗೆ ಬರುವವರು ಎರಡು ಬಗೆ. ಒಡೆದ ಅಪೆಂಡಿಕ್ಸ್, ತೂತುಬಿದ್ದ ಅಲ್ಸರ್, ಸಿಕ್ಕಿಹಾಕಿಕೊಂಡ ಹರ್ನಿಯಾ ಎಂದು ರಾತ್ರೋರಾತ್ರಿ 108 ಆಂಬುಲೆನ್ಸಿನಲ್ಲಿ ಬರುವವರು ಕೆಲವರು. ಕರುಳಿನ ಟಿಬಿ, ಗಡ್ಡೆ, ಕ್ಯಾನ್ಸರ್ ಎಂದು ದಿನ ಗೊತ್ತುಮಾಡಿಕೊಂಡು ಬರುವವರು ಇನ್ನು ಕೆಲವರು. ಥಿಯೇಟರಿನೊಳಗಿನ ಕೆಲಸ ಕೆಲವು ಗಂಟೆಗಳದು. ಆಮೇಲಿನ ಒಂದೆರಡು ತಿಂಗಳು ಹೆಚ್ಚುಕಡಿಮೆ ಮನೆಯವರ ಕೈಯಲ್ಲೇ ಇರುತ್ತದೆ. ಅಕ್ಕರೆಯಿಂದಲೇ ಅವರು ತಪ್ಪು ಮಾಡುತ್ತಾರೆ. ರೋಗಿಯನ್ನು ಅಲುಗಾಡಲು ಬಿಡುವುದಿಲ್ಲ, ಗಂಜಿ ತಿಳಿ ಬಿಟ್ಟು ಬೇರೇನೂ ಕೊಡುವುದಿಲ್ಲ.

ಕರುಳಿಗೆ ವಿಶ್ರಾಂತಿ ಬೇಕೆಂದು ಒಂದು ಕಾಲದಲ್ಲಿ ವೈದ್ಯರೂ ಹೀಗೇ ಹೇಳುತ್ತಿದ್ದರು. ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ಅದನ್ನು ಪ್ರಶ್ನಿಸಿದರು. ಬೇಗ ಊಟ, ಬೇಗ ಓಡಾಟ, ನೋವಿಗೆ ಸರಿಯಾದ ಮದ್ದು, ಅಳತೆ ಮೀರದ ಡ್ರಿಪ್ ಇಷ್ಟೂ ಒಟ್ಟಿಗೆ ಸೇರಿದರೆ ರೋಗಿ ಬೇಗ ಚೇತರಿಸಿಕೊಂಡು ಮನೆಗೆ ಹೋಗುತ್ತಾನೆ ಎಂದು ತೋರಿಸಿಕೊಟ್ಟರು. ಈಗ ಈ ಕ್ರಮಕ್ಕೆ ‘ಇರಾಸ್’ ಎಂಬ ಹೆಸರಿದೆ. ಇದರಲ್ಲಿ ಬಹುಪಾಲಿಗೆ ದುಬಾರಿ ಯಂತ್ರ ಬೇಕಿಲ್ಲ.

ಆಪರೇಷನ್‌ಗೆ ಮುಂಚೆ

ದಿನ ಗೊತ್ತಾಗಿದ್ದರೆ ನಾಲ್ಕು ವಾರ ಮೊದಲೇ ಬೀಡಿ, ಸಿಗರೇಟು, ಕುಡಿತ ನಿಲ್ಲಿಸಿ. ಹಿಮೋಗ್ಲೋಬಿನ್ ಮತ್ತು ಶುಗರ್ ನೋಡಿಸಿ. ರಕ್ತ ಕಡಿಮೆಯಿದ್ದರೆ ಕಬ್ಬಿಣಾಂಶದ ಮಾತ್ರೆ ಕೆಲಸ ಮಾಡಲು ವಾರಗಳೇ ಬೇಕು, ಹಿಂದಿನ ದಿನ ನುಂಗಿ ಪ್ರಯೋಜನವಿಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸುವ ಹಬೆ, ಹೊಗೆಯ ನಡುವೆ ವರ್ಷಗಟ್ಟಲೆ ನೂಲು ತೆಗೆದವರಿಗೆ ಕೆಮ್ಮು, ದಮ್ಮು ಇದ್ದರೂ ಕೇಳಿದಾಗ ‘ಅದೇನಿಲ್ಲ ಸಾರ್, ಮಾಮೂಲಿ’ ಎನ್ನುತ್ತಾರೆ. ಆ ಮಾಮೂಲಿಯನ್ನೇ ಅರಿವಳಿಕೆ ಕೊಡುವ ವೈದ್ಯರಿಗೆ ಹೇಳಬೇಕು. ಕೆಮ್ಮಿದಾಗಲೆಲ್ಲ ಹೊಟ್ಟೆಯ ಹೊಲಿಗೆಯ ಮೇಲೆ ಭಾರ ಬೀಳುತ್ತದೆ.

ನಾಳೆ ಬೆಳಿಗ್ಗೆ ಆಪರೇಷನ್ ಎಂದರೆ ಇಂದು ಮಧ್ಯಾಹ್ನದಿಂದಲೇ ನೀರೂ ಮುಟ್ಟದವರಿದ್ದಾರೆ. ಅಷ್ಟು ಬೇಕಿಲ್ಲ. ಸಾಮಾನ್ಯವಾಗಿ ಊಟ, ತಿಂಡಿ ಆರು ಗಂಟೆ ಮೊದಲು ನಿಲ್ಲಬೇಕು. ನೀರು, ಹಾಲು ಹಾಕದ ಟೀ, ಸೋಸಿದ ಹಣ್ಣಿನ ರಸ ಎರಡು ಗಂಟೆ ಮೊದಲಿನವರೆಗೂ ಆಗುತ್ತದೆ. ಹಾಲು ಊಟದ ಲೆಕ್ಕಕ್ಕೇ ಸೇರುತ್ತದೆ. ಕರುಳು ಕಟ್ಟಿಕೊಂಡು ವಾಂತಿಯಾಗುತ್ತಿರುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಸಕ್ಕರೆ ಕಾಯಿಲೆಯವರು ತಮ್ಮ ವೈದ್ಯರನ್ನೇ ಕೇಳಲಿ.

ಮೊದಲ ದಿನವೇ ಎಬ್ಬಿಸಿ

ಆಪರೇಷನ್ ಆದ ಸಂಜೆಯೋ ಮಾರನೆಯ ಬೆಳಿಗ್ಗೆಯೋ ನರ್ಸ್ ‘ಏಳಿ’ ಎಂದರೆ ಜಗಳಕ್ಕೆ ಹೋಗಬೇಡಿ. ನಡೆದರೆ ಹೊಲಿಗೆ ಬಿಚ್ಚುವುದಿಲ್ಲ. ನಡೆಯದಿದ್ದರೆ ಕಾಲಿನ ರಕ್ತ ಹೆಪ್ಪುಗಟ್ಟಬಹುದು, ಎದೆಯಲ್ಲಿ ಕಫ ಕಟ್ಟಬಹುದು. ಆದರೆ ಎರಡೂ ಕೈ ಹಿಡಿದು ಎಳೆದು ಕೂರಿಸುವುದು ತಪ್ಪು. ರೋಗಿ ಮೊಣಕಾಲು ಮಡಚಿ, ಒಂದು ಮಗ್ಗುಲಿಗೆ ಹೊರಳಿ, ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟು, ಮೊಣಕೈ ಊರಿ ಏಳಬೇಕು. ಕೆಮ್ಮುವಾಗ ದಿಂಬನ್ನು ಹೊಟ್ಟೆಗೆ ಅವುಚಿಕೊಳ್ಳಲಿ. ಮೂರು ಚೆಂಡಿನ ಉಸಿರಾಟದ ಸಾಧನ ಕೊಟ್ಟಿದ್ದರೆ ಉಸಿರು ಒಳಗೆಳೆದು ಚೆಂಡು ಏರಿಸಬೇಕು. ಎಷ್ಟೋ ಜನ ಊದುತ್ತಾ ಕೂತಿರುತ್ತಾರೆ.

ನೋವು ಸಹಿಸಿಕೊಳ್ಳುವುದು ದೊಡ್ಡಸ್ತಿಕೆಯಲ್ಲ. ನೋವಿದ್ದವರು ನಡೆಯುವುದಿಲ್ಲ, ಕೆಮ್ಮಿ ಕಫ ತೆಗೆಯುವುದಿಲ್ಲ. ಬರೆದುಕೊಟ್ಟ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡಿ. ಮೆಡಿಕಲ್ ಸ್ಟೋರಿನಲ್ಲಿ ನೀವೇ ಕೇಳಿ ತಂದ ನೋವಿನ ಮಾತ್ರೆ, ಇಂಜೆಕ್ಷನ್ ಬೇಡ.

ನಂಜು, ನಂಜು, ನಂಜು

ನನ್ನ ತಕರಾರು ಇರುವುದು ಇಲ್ಲಿ. ಯಾವ ವಾರ್ಡಿಗೆ ಹೋದರೂ ಇದೇ ನೋಟ. ಕಿಟಕಿಯಲ್ಲಿ ನೋಡಲು ಬಂದವರು ತಂದ ಬ್ರೆಡ್ಡು, ಮೋಸಂಬಿಯ ರಾಶಿ. ರೋಗಿಯ ಮುಂದೆ ಸ್ಟೀಲ್ ಡಬ್ಬಿಯಲ್ಲಿ ಉಪ್ಪು ಹಾಕಿದ ಅನ್ನದ ತಿಳಿ. ಆಪರೇಷನ್ ಆಗಿ ವಾರವಾದರೂ ಅದೇ ತಿಳಿ. ಬೇಳೆ ಕೊಡಮ್ಮಾ ಎಂದರೆ ‘ಬ್ಯಾಡ ಸಾರ್, ನಂಜಾಗ್ತದೆ’ ಎನ್ನುತ್ತಾರೆ. ನಂಜಿನ ಪಟ್ಟಿ ಊರಿಗೊಂದು, ಮನೆಗೊಂದು. ಬದನೆಕಾಯಿ, ಕುಂಬಳ, ತೊಗರಿಬೇಳೆ, ಅವರೆ, ಮೊಟ್ಟೆ, ಕೋಳಿ, ಮೀನು, ಕೆಲವರಲ್ಲಿ ಹಾಲು, ಮೊಸರೂ ಸೇರಿರುತ್ತದೆ. ಬದನೆ, ಕುಂಬಳ ಬಿಟ್ಟರೆ ನಷ್ಟವಿಲ್ಲ, ಬಿಡಿ. ಆದರೆ ಉಳಿದದ್ದೆಲ್ಲ ಪ್ರೋಟೀನ್. ಕೊಯ್ದು ಜೋಡಿಸಿದ ಕರುಳು ಕೂಡಿಕೊಳ್ಳುವುದೇ ಅದರಿಂದ.

ಗಾಯ ಕೀವಾಗುವುದು ರೋಗಾಣುಗಳಿಂದ. ಹತೋಟಿ ತಪ್ಪಿದ ಸಕ್ಕರೆ, ಬೀಡಿ, ಮೈಯಲ್ಲಿ ಕಸುವಿಲ್ಲದಿರುವುದು ಅವಕ್ಕೆ ದಾರಿ ಮಾಡಿಕೊಡುತ್ತವೆ. ತೊಗರಿಬೇಳೆ ತಿಂದದ್ದಕ್ಕೆ ಯಾರ ಹೊಲಿಗೆಯೂ ಕೀವಾಗುವುದಿಲ್ಲ. ಉಪವಾಸ ಬಿದ್ದವರ ಗಾಯ ಮಾಯಲು ತಡವಾಗುತ್ತದೆ, ಆಗ ‘ಯಾರೋ ಏನೋ ನಂಜು ತಿನ್ನಿಸಿದರು’ ಎಂಬ ಮಾತು ಹುಟ್ಟುತ್ತದೆ.

ಲೆಕ್ಕ ನೋಡಿ. ಆಪರೇಷನ್ ಆದವರಿಗೆ ತೂಕದ ಕಿಲೋ ಒಂದಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 50 ಕಿಲೋ ತೂಗುವವರಿಗೆ 60ರಿಂದ 75 ಗ್ರಾಂ ಆಯಿತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ, ಒಂದು ಬಟ್ಟಲು ಗಟ್ಟಿ ಬೇಳೆಯಲ್ಲಿ ಸುಮಾರು 7 ಗ್ರಾಂ ಇರುತ್ತದೆ. ಎರಡು ಮೊಟ್ಟೆ, ಮೂರು ಲೋಟ ಹಾಲು ಅಥವಾ ಮೊಸರು, ಎರಡು ಬಟ್ಟಲು ಬೇಳೆ, ಜೊತೆಗೆ ಅನ್ನ, ಇಡ್ಲಿ ಸೇರಿದರೆ 60ರ ಹತ್ತಿರ ಬರುತ್ತದೆ. ಮೊಟ್ಟೆ ತಿನ್ನದವರು ಪನೀರು, ಹೆಸರುಬೇಳೆ ಹೆಚ್ಚಿಸಲಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಕೇಳಿ ತಿನ್ನಬೇಕು. ಗಂಜಿ ತಿಳಿಯಿಂದ ಈ ಲೆಕ್ಕ ಎಂದೂ ತುಂಬುವುದಿಲ್ಲ.

ಡ್ರಿಪ್ಪಿನಿಂದಲೂ ತುಂಬುವುದಿಲ್ಲ. ‘ಸುಸ್ತಾಗಿದೆ, ಇನ್ನೊಂದು ಗ್ಲೂಕೋಸ್ ಹಾಕಿ’ ಎಂದು ಒತ್ತಾಯಿಸುವವರಿಗೆ ಹೇಳುತ್ತಿದ್ದೇನೆ: ಶೇ 5ರ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಹೆಚ್ಚೆಂದರೆ 100 ಕ್ಯಾಲೊರಿ. ಪ್ರೋಟೀನ್ ಸೊನ್ನೆ. ಡ್ರಿಪ್ ಅತಿಯಾದರೆ ಕರುಳೇ ಊದಿಕೊಂಡು ಚಲನೆ ಇನ್ನೂ ತಡವಾಗುತ್ತದೆ.

ಹೂಸು ಹೋಗುವವರೆಗೆ ಬಾಯಿಗೆ ಏನೂ ಹಾಕಬಾರದು ಎಂಬ ಹಳೆಯ ನಿಯಮವೂ ಸಡಿಲವಾಗಿದೆ. ಸಣ್ಣ ಕರುಳು ಕೆಲವೇ ಗಂಟೆಗಳಲ್ಲಿ ಚಲಿಸತೊಡಗುತ್ತದೆ. ದೊಡ್ಡ ಕರುಳಿಗೆ ಎರಡು, ಮೂರು ದಿನ ಬೇಕಾಗಬಹುದು. ವೈದ್ಯರು ಕೊಡಬಹುದು ಎಂದೊಡನೆ ಗುಟುಕು ನೀರಿನಿಂದ ಶುರುಮಾಡಿ. ಆಮೇಲೆ ಕೂಸಿಗೆ ಮಾಡುವಂತೆ ಬಟ್ಟೆಯಲ್ಲಿ ಸೋಸಿದ ರಾಗಿ ಸರಿ, ಆಮೇಲೆ ಇಡ್ಲಿ, ಮೆತ್ತಗಿನ ಅನ್ನ, ಬೇಳೆ ಕಟ್ಟು, ಬೇಯಿಸಿದ ಮೊಟ್ಟೆ. ಒಂದೇ ಸಲಕ್ಕೆ ಹೊಟ್ಟೆ ತುಂಬ ಬೇಡ, ದಿನಕ್ಕೆ ಐದಾರು ಬಾರಿ ಸ್ವಲ್ಪ ಸ್ವಲ್ಪ. ವಾಂತಿ ಬಂದರೆ, ಹೊಟ್ಟೆ ಉಬ್ಬಿದರೆ ನಿಲ್ಲಿಸಿ ಹೇಳಿ. ಹೊಟ್ಟೆಯೆಲ್ಲ ಕೀವಾಗಿ ತುರ್ತು ಆಪರೇಷನ್ ಆದವರಿಗೆ ಇದೇ ಕ್ರಮ ನಿಧಾನವಾಗಿ ಸಾಗುತ್ತದೆ.

ಮುದ್ದೆಗೆ ಮೂರು, ನಾಲ್ಕು ವಾರ ತಾಳಿ. ನಾವು ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಊದಿಕೊಂಡಿರುವ ಜೋಡಣೆಯ ಜಾಗಕ್ಕೆ ಅದು ಒಗ್ಗದು. ಸೊಪ್ಪು, ಟೊಮೆಟೊ ಸಿಪ್ಪೆ, ಬೀಜ, ಇಡೀ ಕಾಳು ಕೂಡ ಆಗಲೇ. ಅವರೆ ಕಾಲವಾದರೆ ಸಿಪ್ಪೆ ತೆಗೆದ ಹಿತಕಿದಬೇಳೆಯನ್ನು ಮೊದಲು ಒಂದು ಸೌಟು ಕೊಟ್ಟು ನೋಡಿ. ಮಲಬದ್ಧತೆ ಎಂದು ಹರಳೆಣ್ಣೆ ಕುಡಿಸಬೇಡಿ, ಎನಿಮಾ ಕೊಡಬೇಡಿ.

ಮನೆಗೆ ಬಂದ ಮೇಲೆ

ಬೈಕಿನ ಹಿಂದೆ ಕೂರಿಸಿ, ಹಂಪುಗಳ ಮೇಲೆ ಎಗರಿಸಿ ಕರೆತರಬೇಡಿ. ಆರು ವಾರ ನಾಲ್ಕೈದು ಕಿಲೋ ಮೀರಿದ ಭಾರ ಎತ್ತುವಂತಿಲ್ಲ. ಶುದ್ಧ ನೀರಿನ ಘಟಕದ ಕ್ಯಾನು 20 ಕಿಲೋ, ಚಿಂತಾಮಣಿ ಮಂಡಿಯ ಟೊಮೆಟೊ ಕ್ರೇಟು ಸುಮಾರು 15 ಕಿಲೋ. ಎರಡೂ ಬೇಡ.

ಕರುಳಿನ ಜೋಡಣೆ ಸೋರುವುದಿದ್ದರೆ ಹೆಚ್ಚಾಗಿ ಮೊದಲ ವಾರ, ಹತ್ತು ದಿನದಲ್ಲಿ. ಆಗ ನೀವು ಮನೆಯಲ್ಲೇ ಇರಬಹುದು. ಕಡಿಮೆಯಾಗಬೇಕಾದ ನೋವು ಏರುವುದು, ಜ್ವರ, ಚಳಿ, ಎದೆಬಡಿತ ಜೋರಾಗುವುದು, ಹೊಟ್ಟೆ ಉಬ್ಬುವುದು, ಪದೇ ಪದೇ ವಾಂತಿ, ಗಾಯದಿಂದ ಕೀವು ಅಥವಾ ಮಲದ ವಾಸನೆ ಇವುಗಳಲ್ಲಿ ಒಂದು ಕಂಡರೂ ‘ಗ್ಯಾಸ್ ಇರಬೇಕು’ ಎಂದು ಸೋಡಾ, ಜೀರಿಗೆ ಕಷಾಯ ಕೊಡುತ್ತಾ ರಾತ್ರಿ ಕಳೆಯಬೇಡಿ. ಡಿಸ್ಚಾರ್ಜ್ ಚೀಟಿ ಹಿಡಿದು 108ಕ್ಕೆ ಕರೆ ಮಾಡಿ, ಆಪರೇಷನ್ ಸೌಲಭ್ಯವಿರುವ ಆಸ್ಪತ್ರೆಗೇ ಹೊರಡಿ.

ಹೊಟ್ಟೆಗೆ ಚೀಲ ಹಾಕಿದ್ದರೆ (ಸ್ಟೋಮಾ) ಅಲ್ಲಿ ಕಾಣುವ ಕರುಳು ಕೆಂಪಗೆ, ಒದ್ದೆಯಾಗಿರಬೇಕು, ಕಪ್ಪಾದರೆ ತುರ್ತು. ಸಣ್ಣ ಕರುಳಿನ ಚೀಲದಲ್ಲಿ ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ಹೋದರೆ ಓಆರ್‌ಎಸ್ ಕೊಟ್ಟು ವೈದ್ಯರಿಗೆ ತೋರಿಸಿ.

ಕೊನೆಯದಾಗಿ, ಕತ್ತರಿಸಿದ ತುಂಡನ್ನು ಬಯಾಪ್ಸಿಗೆ ಕಳಿಸಿರುತ್ತಾರೆ. ವರದಿ ಬರುವ ಹೊತ್ತಿಗೆ ನೀವು ಊರಿಗೆ ಹೋಗಿರುತ್ತೀರಿ. ಟಿಬಿ ಎಂದು ಬಂದರೆ ಕನಿಷ್ಠ ಆರು ತಿಂಗಳ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಆಹಾರಕ್ಕೆಂದು ತಿಂಗಳಿಗೆ 1000 ರೂಪಾಯಿಯೂ ಉಂಟು. ಕ್ಯಾನ್ಸರ್ ಎಂದು ಬಂದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂಥ ಕಡೆ ಮುಂದಿನ ಚಿಕಿತ್ಸೆಗೆ ತಡಮಾಡುವಂತಿಲ್ಲ. ಹೊಲಿಗೆ ಬಿಚ್ಚಿಸಲು ಹೋದ ದಿನವೇ ಆ ವರದಿಯನ್ನು ಕೇಳಿ ಪಡೆಯಿರಿ.